ಊಬರ್ ಆಕ್ಸಿಡೆಂಟ್ ಆದ್ರೆ ದುಡ್ಡು ಕಟ್ಟೋದ್ಯಾರು? ಅಮೆರಿಕದ ಮಿಲಿಯನ್ ಡಾಲರ್ ಇನ್ಶೂರೆನ್ಸ್‌ನ ಒಳಗಿನ ಲೆಕ್ಕ

ಅಮೆರಿಕದಲ್ಲಿ ಊಬರ್, ಅದೇ ಥರದ ಇನ್ನೊಂದು ಆ್ಯಪ್ ಟ್ಯಾಕ್ಸಿ ಲಿಫ್ಟ್ (Lyft) ಹತ್ತೋರನ್ನ ಕೇಳಿ ನೋಡಿ, ದಾರೀಲಿ ಆಕ್ಸಿಡೆಂಟ್ ಆದ್ರೆ ಏನ್ ಗತಿ ಅಂದ್ರೆ "ಅಯ್ಯೋ ಕಂಪನಿದು ಮಿಲಿಯನ್ ಡಾಲರ್ ಇನ್ಶೂರೆನ್ಸ್ ಇದ್ಯಲ್ಲ" ಅಂತಾರೆ. ಇದೆ, ಸುಳ್ಳೇನಲ್ಲ. ಆದ್ರೆ ಆ 10 ಲಕ್ಷ ಡಾಲರ್ ಯಾರ ತಪ್ಪಿಗೆ ಸಿಗೋದು, ಯಾವ ಹೊತ್ತಲ್ಲಿ ಸಿಗೋದು, ಎಷ್ಟು ಜನ ಹಂಚ್ಕೋಬೇಕು ಅಂತ ನೋಡಿದವ್ರು ಕಮ್ಮಿ. ಅದ್ರಲ್ಲೂ ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿ 1ರಿಂದ ಆ ಇನ್ಶೂರೆನ್ಸ್‌ನ ಒಂದು ಮುಖ್ಯವಾದ ಭಾಗ 10 ಲಕ್ಷದಿಂದ ಸೀದಾ 60 ಸಾವಿರಕ್ಕೆ ಇಳಿದಿದೆ. ಈ ವಿಷಯ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದಲ್ಲಿ ವರ್ಷಗಟ್ಟಲೆ ಇರೋರಿಗೇ ಸರಿಯಾಗಿ ತಲುಪಿಲ್ಲ, ಇನ್ನು ಮಗಳ ಬಾಣಂತನಕ್ಕೆ ಅಂತ ಆರು ತಿಂಗಳು ಬಂದಿರೋ ಅಪ್ಪ ಅಮ್ಮಂದಿರ ಪಾಡು ಕೇಳೋದೇ ಬೇಡ.

ಮೊದಲು ವ್ಯವಸ್ಥೆ ಹೆಂಗೆ ನಡೆಯುತ್ತೆ ಅಂತ ನೋಡೋಣ. ಗಾಯ ಎಷ್ಟಾಯ್ತು ಅನ್ನೋದು ಇಲ್ಲಿ ಆಮೇಲಿನ ಪ್ರಶ್ನೆ, ಮೊದಲ ಪ್ರಶ್ನೆ ಆ ಸೆಕೆಂಡಲ್ಲಿ ಡ್ರೈವರ್ ಫೋನ್‌ನಲ್ಲಿ ಆ್ಯಪ್ ಯಾವ ಸ್ಥಿತೀಲಿತ್ತು ಅನ್ನೋದು. ಆ್ಯಪ್ ಆಫ್ ಇದ್ರೆ ಅವ್ನೊಬ್ಬ ಮಾಮೂಲಿ ಮನುಷ್ಯ, ಅವನ ಸ್ವಂತ ಕಾರಿನ ಪಾಲಿಸಿ ಅಷ್ಟೇ, ಕಂಪನಿಗೂ ಅದಕ್ಕೂ ಸಂಬಂಧ ಇಲ್ಲ. ಆ್ಯಪ್ ಆನ್ ಮಾಡಿ ಬುಕಿಂಗ್‌ಗೆ ಕಾಯ್ತಾ ಸುತ್ತುತಿದ್ರೆ ಅದನ್ನ ಇನ್ಶೂರೆನ್ಸ್‌ನೋರು ಪೀರಿಯಡ್ 1 ಅಂತಾರೆ, ಬಹಳ ರಾಜ್ಯಗಳಲ್ಲಿ ಆಗ ಗಾಯಕ್ಕೆ ಒಬ್ಬರಿಗೆ 50 ಸಾವಿರ ಡಾಲರ್, ಒಂದು ಆಕ್ಸಿಡೆಂಟ್‌ಗೆ ಒಟ್ಟು 1 ಲಕ್ಷ, ಬೇರೆಯವ್ರ ಗಾಡಿ ಗೀಡಿ ಹಾಳಾಗಿದ್ದಕ್ಕೆ 25 ಸಾವಿರ, ಇಷ್ಟೇ ಮಿತಿ. ಬುಕಿಂಗ್ ಒಪ್ಪಿಕೊಂಡು ಕರ್ಕೊಂಡು ಹೋಗೋಕೆ ಹೊರಟಿದ್ರೆ ಪೀರಿಯಡ್ 2, ಪ್ಯಾಸೆಂಜರ್ ಒಳಗೆ ಕೂತ ಮೇಲೆ ಇಳಿಯೋ ತನಕ ಪೀರಿಯಡ್ 3, ಎಲ್ರೂ ಹೇಳೋ ಆ 10 ಲಕ್ಷ ಡಾಲರ್ ಬರೋದು ಈ ಎರಡರಲ್ಲಿ ಮಾತ್ರ. ಅಂದ್ರೆ ಅದೇ ಡ್ರೈವರ್, ಅದೇ ಕಾರು, ಅದೇ ಸಿಗ್ನಲ್, ಅವನು ಬುಕಿಂಗ್ ಬಟನ್ ಒತ್ತೋಕೆ ಎರಡು ಸೆಕೆಂಡ್ ಮುಂಚೆ ನಿಮಗೆ ಗುದ್ದಿದ್ರೆ 50 ಸಾವಿರ, ಎರಡು ಸೆಕೆಂಡ್ ಆದ್ಮೇಲೆ ಗುದ್ದಿದ್ರೆ 10 ಲಕ್ಷ. ಮುರಿದ ಕಾಲು ಮಾತ್ರ ಎರಡೂ ಕಡೆ ಒಂದೇ.

ಈ ಪೀರಿಯಡ್ 1 ಅನ್ನೋದು ಸುಮ್ಮನೆ ಹುಟ್ಟಿದ್ದಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಅನ್ನೋ ಸರ್ಕಾರಿ ನಿಯಂತ್ರಣ ಸಂಸ್ಥೆ ಈ ಕಂಪನಿಗಳಿಗೆ ಅಂತಲೇ ಒಂದು ಹೊಸ ವರ್ಗ ಮಾಡಿ 10 ಲಕ್ಷ ಡಾಲರ್ ಇನ್ಶೂರೆನ್ಸ್ ಕಡ್ಡಾಯ ಅಂತು, ಕಾಯೋ ಹೊತ್ತಿನ ಕಥೆ ಏನು ಅನ್ನೋದು ಮಾತ್ರ ಮಬ್ಬಾಗೇ ಉಳೀತು. ಅದೇ ವರ್ಷ ಡಿಸೆಂಬರ್ 31ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಾಯಿ ತಮ್ಮನ ಜೊತೆ ರಸ್ತೆ ದಾಟ್ತಿದ್ದ 6 ವರ್ಷದ ಹುಡುಗಿಗೆ ಒಬ್ಬ ಊಬರ್ ಡ್ರೈವರ್‌ನ ಕಾರು ಗುದ್ದಿ ಮಗು ತೀರ್ಕೊಂಡ್ತು. ಆ್ಯಪ್ ಹಾಕ್ಕೊಂಡು ಬಾಡಿಗೆಗೆ ಕಾಯ್ತಿದ್ದೆ ಅಂತ ಡ್ರೈವರ್ ಕಡೆಯೋರು ಹೇಳಿದ್ರು, ಆಗ ಕಾರಲ್ಲಿ ಪ್ಯಾಸೆಂಜರ್ ಇರ್ಲಿಲ್ಲ, ನಮ್ಮ ಕೆಲಸದ ಮೇಲೆ ಇರ್ಲಿಲ್ಲ ಅಂತ ಊಬರ್ ಹೇಳ್ತು. ಊರೆಲ್ಲ ಉಗಿದ ಮೇಲೆ 2014ರ ಮಾರ್ಚ್‌ನಲ್ಲಿ ಕಾಯೋ ಹೊತ್ತಿಗೂ ಇನ್ಶೂರೆನ್ಸ್ ಕೊಡ್ತೀವಿ ಅಂತ ಕಂಪನಿನೇ ಘೋಷಣೆ ಮಾಡ್ತು, ಆ ವರ್ಷವೇ ಕ್ಯಾಲಿಫೋರ್ನಿಯಾ ಕಾನೂನು ಮಾಡಿ 2015ರ ಜುಲೈಯಿಂದ ಜಾರಿಗೆ ತಂತು, 2015ರಲ್ಲೇ ಇನ್ಶೂರೆನ್ಸ್ ಕಂಪನಿಗಳೂ ಊಬರ್ ಲಿಫ್ಟ್‌ನೋರೂ ಕೂತು ಒಂದು ಮಾದರಿ ಮಸೂದೆಗೆ ರಾಜಿ ಆದ್ರು, ಒಂದೊಂದೇ ರಾಜ್ಯ ಅದನ್ನ ತಗೊಂಡ್ವು. ಮಗುವಿನ ಮನೆಯವ್ರ ಕೇಸು 2015ರಲ್ಲಿ ಕೋರ್ಟ್ ಹೊರಗೇ ರಾಜಿ ಆಯ್ತು, ಎಷ್ಟಕ್ಕೆ ಅಂತ ಹೊರಗೆ ಬರ್ಲಿಲ್ಲ.

ಹಂಗಾದ್ರೆ ಕಂಪನಿ ಮೇಲೇ ಯಾಕೆ ನೇರವಾಗಿ ಕೇಸು ಹಾಕಿ ಗೆಲ್ಲೋಕಾಗಲ್ಲ? ಇಲ್ಲಿ ಬರೋದು ಮಾಲೀಕ ಮತ್ತು ಕೆಲಸಗಾರ ಅನ್ನೋ ಹಳೇ ನ್ಯಾಯ. ಕೆಲಸದ ಹೊತ್ತಲ್ಲಿ ನೌಕರ ತಪ್ಪು ಮಾಡಿದ್ರೆ ಮಾಲೀಕನೂ ಹೊಣೆ, ಇದು ಎಲ್ಲಾ ಕಡೆ ಒಪ್ಪಿರೋ ಮಾತು, ಕೊರಿಯರ್ ಕಂಪನಿ ಲಾರಿ ಗುದ್ದಿದ್ರೆ ಯಾರೂ ಡ್ರೈವರ್ ಜೇಬು ನೋಡಲ್ಲ. ಆದ್ರೆ ಊಬರ್ ಲಿಫ್ಟ್ ಮೊದಲಿಂದ ಹಾಡೋ ರಾಗ ಒಂದೇ, ನಾವು ಸಾರಿಗೆ ಕಂಪನಿ ಅಲ್ಲ, ಟೆಕ್ನಾಲಜಿ ಕಂಪನಿ, ಡ್ರೈವರ್ ನಮ್ಮ ನೌಕರ ಅಲ್ಲ, ಸ್ವತಂತ್ರ ಗುತ್ತಿಗೆದಾರ. ರೇಟು ಫಿಕ್ಸ್ ಮಾಡೋದು ಇವ್ರು, ಯಾರಿಗೆ ಯಾವ ಬುಕಿಂಗ್ ಅಂತ ಕೊಡೋದು ಇವ್ರು, ರೇಟಿಂಗ್ ಕಮ್ಮಿ ಆದ್ರೆ ಅಕೌಂಟ್ ಕಿತ್ತು ಹಾಕೋದೂ ಇವ್ರೇ, ಆದ್ರೂ ಮಾಲೀಕರಲ್ವಂತೆ! ಕ್ಯಾಲಿಫೋರ್ನಿಯಾ 2020ರಿಂದ ಜಾರಿಗೆ ಬರೋ ಹಂಗೆ ಒಂದು ಕಾನೂನು ತಂದು ಡ್ರೈವರ್‌ಗಳನ್ನ ನೌಕರರು ಅನ್ನೋಕೆ ಹೊರಟಾಗ ಕಂಪನಿಗಳು ಸೇರ್ಕೊಂಡು 20 ಕೋಟಿ ಡಾಲರ್‌ಗೂ ಮೇಲೆ ಸುರಿದು 2020ರ ನವೆಂಬರ್‌ನಲ್ಲಿ ಡ್ರೈವರ್‌ಗಳು ಗುತ್ತಿಗೆದಾರರೇ ಅನ್ನೋ ಪ್ರಾಪೊಸಿಷನ್ 22 ಅನ್ನ ಜನರ ಮತಕ್ಕೆ ಹಾಕಿ ಗೆದ್ದವು, 2024ರ ಜುಲೈಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡೀತು.

ಇದರ ಫಲ ಏನಪ್ಪಾ ಅಂದ್ರೆ, ಪ್ರಾಯೋಗಿಕವಾಗಿ ಆಕ್ಸಿಡೆಂಟ್ ಕೇಸುಗಳು ಕಂಪನಿ ವಿರುದ್ಧ ನಡೆಯೋದಕ್ಕಿಂತ ಪಾಲಿಸಿ ಲಿಮಿಟ್ ಸುತ್ತ ನಡೆಯುತ್ತೆ. ಕಂಪನಿ ಖಜಾನೆಗೆ ಕೈ ಹಾಕ್ಬೇಕು ಅಂದ್ರೆ ಬೇರೆ ದಾರಿ ಹುಡುಕ್ಬೇಕು, ಕುಡಿದು ಓಡಿಸಿದ ಹಳೇ ರೆಕಾರ್ಡ್ ಇದ್ರೂ ಸರಿಯಾಗಿ ನೋಡದೆ ಆ ಮನುಷ್ಯನನ್ನ ಸೇರಿಸ್ಕೊಂಡ್ರು, ಕಂಪ್ಲೇಂಟ್ ಬಂದ್ರೂ ಸುಮ್ಮನಿದ್ರು, ಓಡಿಸ್ತಾ ಓಡಿಸ್ತಾನೇ ಸ್ಕ್ರೀನ್ ನೋಡೋ ಹಂಗೆ ಆ್ಯಪ್ ಮಾಡಿದ್ದಾರೆ, ಈ ಥರ ಕಂಪನಿಯ ಸ್ವಂತ ತಪ್ಪನ್ನ ಸಾಬೀತು ಮಾಡ್ಬೇಕು. ಆಗಲ್ಲ ಅಂತಲ್ಲ, ಆದ್ರೆ ವರ್ಷಗಟ್ಟಲೆ ಎಳೆಯುತ್ತೆ. ಅದಕ್ಕೇ ಲಿಮಿಟ್ ಎಷ್ಟು ಅನ್ನೋದು ಇಷ್ಟು ಮುಖ್ಯ ಆಗೋದು, ಮಿತಿ ದಾಟಿದ ಮೇಲೆ ಡ್ರೈವರ್ ಹತ್ರ ಕಿತ್ಕೊಳ್ಳೋಕೆ ಏನೂ ಇರಲ್ಲ, ಅವನೇ ಕಾರಿನ ಕಂತು ಕಟ್ತಿರ್ತಾನೆ ಪಾಪ.

ಈಗ ಆ 60 ಸಾವಿರದ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ಇಡೀ ಕಥೇಲಿ ಜನ ತಪ್ಪು ತಿಳ್ಕೊಂಡಿರೋದು ಇಲ್ಲೇ. ಮಿಲಿಯನ್ ಡಾಲರ್ ಅನ್ನೋದು ಒಂದು ಗಂಟಲ್ಲ, ಎರಡು ಬೇರೆ ಬೇರೆ ಗಂಟು. ಮೊದಲನೇದು ನಿಮ್ಮ ಊಬರ್ ಡ್ರೈವರ್‌ದೇ ತಪ್ಪಿದ್ದಾಗ ಬರೋದು, ನಮ್ಮ ಕಡೆ ಥರ್ಡ್ ಪಾರ್ಟಿ ಅಂತೀವಲ್ಲ ಹಂಗೆ, ಇದು ಈಗ್ಲೂ 10 ಲಕ್ಷವೇ ಇದೆ. ಎರಡನೇದು ಬೇರೆ ಯಾವನೋ ಬಂದು ಗುದ್ದಿದ, ಅವನ ಹತ್ರ ಇನ್ಶೂರೆನ್ಸೇ ಇಲ್ಲ ಅಥವಾ ಇದ್ರೂ ಸಾಕಾಗಷ್ಟಿಲ್ಲ ಅಂದಾಗ ಬರೋದು, ಅನ್‌ಇನ್ಶೂರ್ಡ್ ಮತ್ತು ಅಂಡರ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್ ಅಂತ ಇದರ ಹೆಸರು. ಅಮೆರಿಕದ ರಸ್ತೇಲಿ ಸುಮಾರು ಏಳು ಜನ ಡ್ರೈವರ್‌ಗಳಲ್ಲಿ ಒಬ್ಬ ಇನ್ಶೂರೆನ್ಸ್ ಇಲ್ದೇ ಓಡಿಸ್ತಾನೆ ಅನ್ನೋದು ಅಲ್ಲಿನ ಇನ್ಶೂರೆನ್ಸ್‌ನೋರದ್ದೇ ಅಂದಾಜು, ಗುದ್ದಿ ಓಡಿಹೋಗೋರು ಬೇರೆ ಇದ್ದೇ ಇದಾರೆ. ಕ್ಯಾಲಿಫೋರ್ನಿಯಾದಲ್ಲಿ ಪ್ಯಾಸೆಂಜರ್ ಕೂತಿರೋವಾಗ ಈ ಎರಡನೇ ಗಂಟೂ 10 ಲಕ್ಷ ಇರ್ಬೇಕು ಅಂತ ಕಾನೂನಿತ್ತು. 2025ರ ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಎಸ್‌ಬಿ 371 ಅನ್ನೋ ಮಸೂದೆ ಇದನ್ನ ಒಬ್ಬರಿಗೆ 60 ಸಾವಿರ, ಒಂದು ಆಕ್ಸಿಡೆಂಟ್‌ಗೆ ಒಟ್ಟು 3 ಲಕ್ಷಕ್ಕೆ ಇಳಿಸ್ತು.

ಲೆಕ್ಕ ಹಾಕಿದ್ರೆನೇ ಇದರ ಬಿಸಿ ಗೊತ್ತಾಗೋದು. ನೀವು ಹಿಂದಿನ ಸೀಟಲ್ಲಿ ಕೂತಿದೀರ, ನಿಮ್ಮ ಡ್ರೈವರ್ ಹಸಿರು ಸಿಗ್ನಲ್‌ನಲ್ಲಿ ಸರಿಯಾಗೇ ಹೋಗ್ತಿದಾನೆ, ಪಕ್ಕದಿಂದ ಒಬ್ಬ ಕೆಂಪು ಸಿಗ್ನಲ್ ಹಾರಿಸ್ಕೊಂಡು ಬಂದು ನಿಮ್ಮ ಬಾಗಿಲಿಗೇ ಗುದ್ದಿದ ಅನ್ಕೊಳ್ಳಿ. ಅವನ ಹತ್ರ ಇರೋದು ಕಾನೂನಿನ ಕನಿಷ್ಠ ಪಾಲಿಸಿ, ಕ್ಯಾಲಿಫೋರ್ನಿಯಾದಲ್ಲಿ ಅದು 2025ರ ಜನವರಿಯಿಂದ ಒಬ್ಬರಿಗೆ 30 ಸಾವಿರ ಡಾಲರ್, ಅದಕ್ಕೂ ಮುಂಚೆ ದಶಕಗಳ ಕಾಲ ಬರೀ 15 ಸಾವಿರ ಇತ್ತು. ಸೊಂಟದ ಮೂಳೆ ಆಪರೇಷನ್, ಐಸಿಯು, ಫಿಸಿಯೋಥೆರಪಿ ಎಲ್ಲಾ ಸೇರಿ ನಿಮ್ಮ ಬಿಲ್ 2 ಲಕ್ಷ ಡಾಲರ್ ಆಯ್ತು, ಅಲ್ಲಿನ ಆಸ್ಪತ್ರೆ ಬಿಲ್ ನೋಡಿದೋರಿಗೆ ಇದೇನು ಉತ್ಪ್ರೇಕ್ಷೆ ಅನ್ಸಲ್ಲ. 2025ರ ಕೊನೆ ತನಕ ಅವನ 30 ಸಾವಿರ ಮುಗಿದ ಮೇಲೆ ಉಳಿದ 1 ಲಕ್ಷ 70 ಸಾವಿರವನ್ನ ಊಬರ್ ಕಡೆಯ ಪಾಲಿಸಿಯಿಂದ ಕೇಳ್ಬಹುದಿತ್ತು, 10 ಲಕ್ಷದ ಒಳಗೇ ಇದೆಯಲ್ಲ. ಈಗ ಲಿಮಿಟ್ಟೇ 60 ಸಾವಿರ, ಅದ್ರಲ್ಲೂ ಕ್ಯಾಲಿಫೋರ್ನಿಯಾದ ಮಾಮೂಲಿ ನಿಯಮ ಏನು ಅಂದ್ರೆ ಎದುರಿನವನ ಪಾಲಿಸಿ ಕೊಟ್ಟಿದ್ದನ್ನ ಈ ಲಿಮಿಟ್‌ನಿಂದ ಕಳೀತಾರೆ, ಅಂದ್ರೆ 60ರಲ್ಲಿ 30 ಕಳೆದು ಇನ್ನೊಂದು 30 ಸಾವಿರ. ಒಟ್ಟು ಕೈಗೆ ಬಂದಿದ್ದು 60, ಬಿಲ್ 2 ಲಕ್ಷ, ಅದ್ರಲ್ಲೂ ವಕೀಲರ ಪಾಲು ಸಾಮಾನ್ಯವಾಗಿ ಮೂರನೇ ಒಂದು ಭಾಗ ಹೋಗುತ್ತೆ, ಹೆಲ್ತ್ ಇನ್ಶೂರೆನ್ಸ್ ಇದ್ರೆ ಅವ್ರೂ ನಾವು ಕಟ್ಟಿದ್ದನ್ನ ವಾಪಸ್ ಕೊಡಿ ಅಂತ ಬರ್ತಾರೆ.

ಅಲ್ಲೇ ಮನೆ ಮಾಡ್ಕೊಂಡು ಸ್ವಂತ ಕಾರು ಇಟ್ಕೊಂಡಿರೋರಿಗೆ ಒಂದು ದಾರಿ ಇದೆ, ಅವ್ರ ಸ್ವಂತ ಕಾರಿನ ಪಾಲಿಸೀಲಿ ಇದೇ ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜನ್ನ ಹೆಚ್ಚು ತಗೊಂಡಿದ್ರೆ, ಬೇರೆಯವ್ರ ಗಾಡೀಲಿ ಕೂತಿದ್ರೂ ಅದು ಕೆಲಸಕ್ಕೆ ಬರೋ ಸಾಧ್ಯತೆ ಇರುತ್ತೆ. ಈಗ ಯೋಚನೆ ಮಾಡಿ, ಊಬರ್‌ನ ಜಾಸ್ತಿ ಹತ್ತೋರು ಯಾರು? ಕಾರಿಲ್ಲದೋರು. ಎಂಎಸ್ ಮಾಡೋಕೆ ಹೋಗಿರೋ ಹುಡುಗ ಹುಡುಗೀರು, ಡ್ರೈವಿಂಗ್ ಬಿಟ್ಟಿರೋ ವಯಸ್ಸಾದೋರು, ಊರಿಂದ ವಿಸಿಟರ್ ವೀಸಾದಲ್ಲಿ ಹೋಗಿರೋ ಅಪ್ಪ ಅಮ್ಮ. ಅವ್ರ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಬಹಳಷ್ಟು ಅಗ್ಗದ್ದು, ಒಂದೊಂದು ಚಿಕಿತ್ಸೆಗೆ ಇಷ್ಟೇ ಅಂತ ಕಟ್ ಮಾಡಿಟ್ಟಿರ್ತಾರೆ, ಒಟ್ಟು 50 ಸಾವಿರ ಡಾಲರ್ ಅಂತ ಕವರ್ ಮೇಲೆ ಬರೆದಿದ್ರೂ ಐಸಿಯುಗೆ ದಿನಕ್ಕೆ ಇಷ್ಟು ಅಂತ ಒಳಗೆ ಬೇರೆ ಪಟ್ಟಿ ಇರುತ್ತೆ. ಅಂದ್ರೆ ಬೇರೆ ಯಾವ ಆಸರೆನೂ ಇಲ್ಲದೋರಿಗೆ ಇದ್ದ ಒಂದು ಆಸರೆಯನ್ನೇ ಈ ಕಾನೂನು ಕುಗ್ಗಿಸಿರೋದು, ನನಗೆ ಸಿಟ್ಟು ಬರೋದೂ ಇದಕ್ಕೇ.

ಕಂಪನಿಯವ್ರ ಮಾತಲ್ಲಿ ಹುರುಳೇ ಇಲ್ಲ ಅಂತ ಹೇಳಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪ್ಯಾಸೆಂಜರ್ ಕೊಡೋ ಬಾಡಿಗೇಲಿ ಸುಮಾರು ಮೂರನೇ ಒಂದು ಭಾಗ ಕಡ್ಡಾಯ ಇನ್ಶೂರೆನ್ಸ್‌ಗೇ ಹೋಗ್ತಿದೆ ಅಂತ ಊಬರ್ ಹೇಳ್ತಾ ಬಂತು, ಟ್ಯಾಕ್ಸಿಗೂ ಲಿಮೋಗೂ ಇಲ್ಲದ ಮಿಲಿಯನ್ ಡಾಲರ್ ಅನ್‌ಇನ್ಶೂರ್ಡ್ ಕವರೇಜ್ ನಮಗೆ ಮಾತ್ರ ಯಾಕೆ ಅನ್ನೋದು ಅವ್ರ ಪ್ರಶ್ನೆ, ದೊಡ್ಡ ಗಂಟು ಇದೆ ಅಂತ ಗೊತ್ತಾದ್ರೆ ಚಿಕ್ಕ ಚಿಕ್ಕ ಡಿಕ್ಕಿಗೂ ಕುತ್ತಿಗೆ ನೋವು ಬೆನ್ನು ನೋವು ಅಂತ ಲಕ್ಷಗಟ್ಟಲೆ ಕ್ಲೇಮ್ ಹಾಕಿಸೋ ವಕೀಲರೂ ಇದಾರೆ, ಅದೂ ನಿಜವೇ. 10 ಲಕ್ಷ ಜಾಸ್ತಿ ಆಯ್ತು ಅಂತಲೇ ಇಟ್ಕೊಳ್ಳೋಣ, ಆದ್ರೆ ಅಲ್ಲಿಂದ ಇಳಿಯೋವಾಗ 5 ಲಕ್ಷ, 2 ಲಕ್ಷ ಅಂತ ಮಧ್ಯದಲ್ಲೆಲ್ಲೂ ನಿಲ್ಲದೆ ಸೀದಾ 60 ಸಾವಿರಕ್ಕೇ ಬಂದು ನಿಂತಿದ್ದು ಯಾಕೆ? ಈ ಕಾನೂನಿನ ಜೋಡಿಯಾಗಿ ಅದೇ ದಿನ ಸಹಿ ಆದ ಇನ್ನೊಂದು ಕಾನೂನು, ಗುತ್ತಿಗೆದಾರರಾಗೇ ಇದ್ಕೊಂಡು ಡ್ರೈವರ್‌ಗಳು ಯೂನಿಯನ್ ಕಟ್ಕೊಂಡು ಮಾತುಕತೆ ಮಾಡ್ಬಹುದು ಅನ್ನೋದು. ಡ್ರೈವರ್‌ಗಳಿಗೆ ಒಂದು, ಕಂಪನಿಗೆ ಒಂದು ಅಂತ ಕೊಟ್ಟು ತಗೊಳ್ಳೋ ಮಾತಾಯ್ತು, ಆ ಟೇಬಲ್‌ನಲ್ಲಿ ಹಿಂದಿನ ಸೀಟಿನೋರ ಪರವಾಗಿ ಗಟ್ಟಿಯಾಗಿ ಕೂತಿದ್ದು ಯಾರು ಅಂತ ನನಗೆ ಕಾಣ್ಲಿಲ್ಲ.

ಡ್ರೈವರ್‌ಗಳ ಕಥೇನೂ ಸುಖವಾಗಿಲ್ಲ. ಅಮೆರಿಕದ ಮಾಮೂಲಿ ಕಾರ್ ಪಾಲಿಸೀಲಿ, ಬಾಡಿಗೆಗೆ ಜನ ಸಾಗಿಸ್ತಿದ್ರೆ ನಾವು ಕೊಡಲ್ಲ ಅನ್ನೋ ಸಾಲು ಇದ್ದೇ ಇರುತ್ತೆ. ಎಷ್ಟೋ ಜನ ಪಾರ್ಟ್ ಟೈಮ್ ಊಬರ್ ಓಡಿಸೋದನ್ನ ತಮ್ಮ ಇನ್ಶೂರೆನ್ಸ್‌ನೋರಿಗೆ ಹೇಳೇ ಇರಲ್ಲ, ಪ್ರೀಮಿಯಂ ಜಾಸ್ತಿ ಆಗುತ್ತಲ್ಲ ಅಂತ. ಆಕ್ಸಿಡೆಂಟ್ ಆದ ದಿನ ಗೊತ್ತಾದ್ರೆ ಕ್ಲೇಮೂ ಹೋಯ್ತು, ಕೆಲವು ಸಲ ಪಾಲಿಸಿನೂ ಹೋಯ್ತು. ಕಂಪನಿ ಕಡೆಯಿಂದ ಕಾರು ರಿಪೇರಿಗೆ ಸಿಗುತ್ತೆ ನಿಜ, ಆದ್ರೆ ಬುಕಿಂಗ್ ಒಪ್ಪಿದ ಮೇಲೆ ಮಾತ್ರ, ಅದೂ ಅವನ ಸ್ವಂತ ಪಾಲಿಸೀಲಿ ತನ್ನ ಕಾರಿಗಾದ ಹಾನಿಗೆ ದುಡ್ಡು ಕೊಡೋ ಕಾಂಪ್ರೆಹೆನ್ಸಿವ್ ಮತ್ತು ಕೊಲಿಷನ್ ಕವರೇಜ್ ಇದ್ರೆ ಮಾತ್ರ, ಅದೂ ಮೊದಲ 2,500 ಡಾಲರ್ ಅವನೇ ಕೈಯಿಂದ ಹಾಕ್ಬೇಕು. ಹಳೇ ಕಾರಿನ ಬಂಪರ್, ಹೆಡ್‌ಲೈಟು ಸೇರಿ 2,000 ಆಯ್ತು ಅಂದ್ರೆ ಈ ಇನ್ಶೂರೆನ್ಸ್ ಇದ್ದೂ ಇಲ್ದಂಗೆ. ಬಾಡಿಗೆ ಓಡಿಸೋದಕ್ಕೂ ಅನ್ವಯ ಆಗೋ ರೈಡ್‌ಶೇರ್ ಎಂಡೋರ್ಸ್‌ಮೆಂಟ್ ಅಂತ ಸ್ವಂತ ಪಾಲಿಸಿಗೇ ಒಂದಿಷ್ಟು ದುಡ್ಡು ಸೇರಿಸಿ ತಗೋಬಹುದು, ಓಡಿಸೋರು ಅದಿಲ್ದೇ ರಸ್ತೆಗೆ ಇಳಿಯೋದು ತಲೆ ಮೇಲೆ ಕಲ್ಲು ಎಳ್ಕೊಂಡಂಗೆ.

ಇನ್ನು ಕೋರ್ಟ್‌ಗೇ ಹೋಗ್ತೀನಿ ಅನ್ನೋರಿಗೆ ಒಂದು ಪಿಜ್ಜಾ ಕಥೆ ಹೇಳ್ಬೇಕು. ನ್ಯೂಜೆರ್ಸೀಲಿ 2022ರ ಮಾರ್ಚ್‌ನಲ್ಲಿ ಒಂದು ದಂಪತಿ ಊಬರಲ್ಲಿ ಹೋಗ್ತಿದ್ದಾಗ ಡ್ರೈವರ್ ಕೆಂಪು ಸಿಗ್ನಲ್ ಹಾರಿಸಿ ಇನ್ನೊಂದು ಕಾರು ಬಂದು ಗುದ್ದಿ ಇಬ್ಬರಿಗೂ ಮೂಳೆ ಮುರಿಯೋ ಮಟ್ಟಕ್ಕೆ ಪೆಟ್ಟಾಯ್ತು. ಊಬರ್ ಮೇಲೆ ಕೇಸು ಹಾಕಿದ್ರು. ಕಂಪನಿ ಬಂದು ಏನಂತು ಗೊತ್ತಾ, ನೀವು ಕೋರ್ಟ್‌ಗೆ ಬರೋ ಹಂಗಿಲ್ಲ, ಏನಿದ್ರೂ ಆರ್ಬಿಟ್ರೇಷನ್ (ಕೋರ್ಟ್ ಹೊರಗೆ ಮಧ್ಯಸ್ಥರ ಮುಂದೆ ಇತ್ಯರ್ಥ), ಯಾಕಂದ್ರೆ ಆ ವರ್ಷ ಜನವರೀಲಿ ನಿಮ್ಮ ಫೋನ್‌ನಿಂದ ಊಬರ್ ಈಟ್ಸ್‌ನಲ್ಲಿ ಊಟ ತರಿಸೋವಾಗ ಹೊಸ ಷರತ್ತುಗಳಿಗೆ ಒಪ್ಪಿಗೆ ಒತ್ತಿದೀರ ಅಂತ. ಒತ್ತಿದ್ದು ನಾವಲ್ಲ, ಪಿಜ್ಜಾ ತರಿಸ್ತಿದ್ದ ನಮ್ಮ ಚಿಕ್ಕ ಮಗಳು ಅಂತ ದಂಪತಿ ವಾದ. ಕೆಳಗಿನ ಕೋರ್ಟ್ ಅವ್ರ ಪರ ಇತ್ತು, 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಕಂಪನಿ ಪರ ತೀರ್ಪು ಕೊಡ್ತು, ಒಪ್ಪಂದ ಒಪ್ಪಂದವೇ ಅಂತ. ಆ ಹೆಂಡತಿ ಸ್ವತಃ ವಕೀಲೆ ಬೇರೆ! ಎಲ್ಲಾ ಕಡೆನೂ ಹಿಂಗೇ ಅಂತಲ್ಲ, ಮ್ಯಾಸಚೂಸೆಟ್ಸ್‌ನ ಅತ್ಯುನ್ನತ ಕೋರ್ಟ್ 2021ರಲ್ಲಿ, ಷರತ್ತನ್ನ ಸರಿಯಾಗಿ ಕಣ್ಣಿಗೆ ಬೀಳೋ ಹಂಗೆ ತೋರ್ಸಿಲ್ಲ, ಇದು ಒಪ್ಪಂದವೇ ಅಲ್ಲ ಅಂತ ಊಬರ್ ವಿರುದ್ಧ ಹೇಳಿದೆ. ಆದ್ರೆ ಅದಾದ್ಮೇಲೆ ಸ್ಕ್ರೀನೂ ಬದಲಾಗಿದೆ, ಈಗ ದೊಡ್ಡದಾಗಿ ಟಿಕ್ ಮಾಡಿಸ್ಕೊಂಡೇ ಮುಂದೆ ಬಿಡೋದು. ಒಂದು ಸಮಾಧಾನ ಅಂದ್ರೆ ಈ ಷರತ್ತು ಆ್ಯಪ್ ಹಾಕ್ಕೊಂಡೋರಿಗೆ ಮಾತ್ರ, ರಸ್ತೇಲಿ ನಡ್ಕೊಂಡು ಹೋಗ್ತಿದ್ದೋನಿಗೆ ಗುದ್ದಿದ್ರೆ ಅವನು ಏನಕ್ಕೂ ಒಪ್ಪಿಗೆ ಕೊಟ್ಟಿರಲ್ವಲ್ಲ, ಅವನು ಕೋರ್ಟ್‌ಗೇ ಹೋಗ್ಬಹುದು.

ಪಾಲಿಸಿ ಹಿಂದಿರೋ ಇನ್ಶೂರೆನ್ಸ್ ಕಂಪನಿ ಗಟ್ಟಿಯಾಗಿದ್ಯಾ ಅನ್ನೋದೂ ಒಂದು ಪ್ರಶ್ನೆ. ಊಬರ್‌ಗೆ ಬಹಳ ರಾಜ್ಯಗಳಲ್ಲಿ ಪಾಲಿಸಿ ಕೊಡ್ತಿದ್ದ ಜೇಮ್ಸ್ ರಿವರ್ ಅನ್ನೋ ಕಂಪನಿ 2019ರ ಕೊನೇಲಿ ನಮಗೆ ಗಿಟ್ಟಲ್ಲ ಅಂತ ಕೈ ಎತ್ತಿಬಿಡ್ತು. ನ್ಯೂಯಾರ್ಕ್ ನಗರದಲ್ಲಂತೂ ಪದ್ಧತಿನೇ ಬೇರೆ, ಅಲ್ಲಿ ಗಾಡಿಗೆ ಟ್ಯಾಕ್ಸಿ ಥರ ಕಮರ್ಷಿಯಲ್ ಪಾಲಿಸಿ ಬೇಕು, ಆ ಊರಿನ ಬಾಡಿಗೆ ಗಾಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ಪಾಲಿಸಿ ಕೊಟ್ಟಿದ್ದ ಅಮೆರಿಕನ್ ಟ್ರಾನ್ಸಿಟ್ ಅನ್ನೋ ಕಂಪನಿ 2024ರಲ್ಲಿ 70 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ತೋರಿಸಿ ದಿವಾಳಿ ಸ್ಥಿತಿ ಅಂತ ಬಯಲಾಯ್ತು.

ಡ್ರೈವರೇ ಇಲ್ಲದ ಕಾರು ಬಂದ್ರೆ ಇದೆಲ್ಲ ಸರಳ ಆಗುತ್ತೆ ಅಂತ ಕೆಲವರು ಹೇಳ್ತಾರೆ, ಒಂದರ್ಥದಲ್ಲಿ ಹೌದು, ಆಗ ತಪ್ಪು ನಮ್ಮದಲ್ಲ, ಗುತ್ತಿಗೆದಾರಂದು ಅಂತ ಕಂಪನಿ ಕೈ ತೋರಿಸೋಕೆ ಡ್ರೈವರ್ ಸೀಟಲ್ಲಿ ಯಾರೂ ಇರಲ್ಲ. ಆದ್ರೆ 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪೀಲಿ ಊಬರ್‌ನ ಟೆಸ್ಟ್ ಕಾರು ಸೈಕಲ್ ತಳ್ಕೊಂಡು ರಸ್ತೆ ದಾಟ್ತಿದ್ದ ಹೆಂಗಸಿಗೆ ಗುದ್ದಿ ಅವ್ರು ಸತ್ತಾಗ, ಕಂಪನಿ ಮೇಲೆ ಕ್ರಿಮಿನಲ್ ಕೇಸು ಹಾಕಲ್ಲ ಅಂದ್ರು, 2023ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆ ತಗೊಂಡಿದ್ದು ಒಳಗೆ ಕೂತು ನೋಡ್ಕೊಳ್ಳೋ ಕೆಲಸಕ್ಕಿದ್ದ ಸಂಬಳದ ಆಪರೇಟರ್.

ಇಷ್ಟೆಲ್ಲ ಗೊತ್ತಿದ್ದು ಪ್ಯಾಸೆಂಜರ್ ಏನ್ ಮಾಡ್ಬಹುದು ಅಂದ್ರೆ, ಆಕ್ಸಿಡೆಂಟ್ ಆದ ಜಾಗದಲ್ಲೇ ಆ್ಯಪ್‌ನ ಟ್ರಿಪ್ ಸ್ಕ್ರೀನಿನ ಸ್ಕ್ರೀನ್‌ಶಾಟ್ ತಗೊಳ್ಳಿ, ಟೈಮ್ ಕಾಣೋ ಹಂಗೆ, ನೀವು ಪ್ಯಾಸೆಂಜರ್ ಆಗಿದ್ರಿ ಅನ್ನೋದಕ್ಕೆ ಅದಕ್ಕಿಂತ ಸುಲಭದ ಸಾಕ್ಷಿ ಇನ್ನೊಂದಿಲ್ಲ. ಹೊರಗಿನೋರಿಗೆ ಗುದ್ದಿದ್ದು ಅಂದ್ರೆ ಡ್ರೈವರ್‌ನ ಆ್ಯಪ್ ಆನ್ ಇತ್ತಾ ಅಂತ ಪೊಲೀಸ್ ರಿಪೋರ್ಟಲ್ಲಿ ಬರೆಸಿ, ಎಷ್ಟೋ ಜನ ಊಬರ್ ಲಿಫ್ಟ್ ಎರಡೂ ಒಟ್ಟಿಗೆ ಆನ್ ಮಾಡಿಟ್ಟಿರ್ತಾರೆ, ಆಗ ಎರಡು ಕಂಪನಿಯೋರೂ ಒಬ್ಬರ ಕಡೆ ಇನ್ನೊಬ್ಬರು ಕೈ ತೋರಿಸ್ತಾರೆ, ಕೊನೆಗೆ ಇತ್ಯರ್ಥ ಆಗೋದು ಸರ್ವರ್‌ನ ಲಾಗ್ ನೋಡಿ, ಅದನ್ನ ಅಳಿಸದೆ ಇಟ್ಕೊಳ್ಳಿ ಅಂತ ವಕೀಲರ ಕೈಲಿ ಬೇಗ ಪತ್ರ ಬರೆಸ್ಬೇಕು. ನೋವಿಲ್ಲ ಅಂತ ಹಂಗೇ ಮನೆಗೆ ಹೋಗ್ಬೇಡಿ, ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದ್ರೆ ಇದು ಆಕ್ಸಿಡೆಂಟ್‌ದಲ್ಲ ಅಂತ ಶುರು ಮಾಡ್ತಾರೆ. ಇನ್ಶೂರೆನ್ಸ್‌ನೋರು ಫೋನ್ ಮಾಡಿ ನಯವಾಗಿ ಮಾತಾಡಿ ರೆಕಾರ್ಡ್ ಮಾಡ್ಕೋತೀವಿ ಅಂದ್ರೆ ಆಮೇಲೆ ಮಾತಾಡ್ತೀನಿ ಅನ್ನಿ, ಬೇಗ ಕೊಡೋ ಚಿಕ್ಕ ಚೆಕ್ ಜೊತೆ ಬರೋ ರಿಲೀಸ್ ಪೇಪರ್‌ಗೆ ಸಹಿ ಹಾಕಿದ್ರೆ ಮುಂದೆ ಏನೇ ಬಿಲ್ ಬಂದ್ರೂ ಕೇಳೋ ಹಂಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಗಾಯದ ಕೇಸು ಹಾಕೋಕೆ 2 ವರ್ಷ ಟೈಮ್ ಇದೆ, ಟೆನ್ನೆಸ್ಸಿಯಂಥ ರಾಜ್ಯದಲ್ಲಿ ಒಂದೇ ವರ್ಷ, ವಿಸಿಟರ್ ವೀಸಾದಲ್ಲಿ ಬಂದು ವಾಪಸ್ ಹೋಗಿಬಿಟ್ಟಿದ್ರೂ ಕೇಸು ಹಾಕೋ ಹಕ್ಕು ಹೋಗಲ್ಲ, ಆದ್ರೆ ಈ ಗಡುವು ಮಾತ್ರ ನಿಮಗೋಸ್ಕರ ಕಾಯಲ್ಲ.